ಗಂಡಸರಿಗೆ ಕಟ್ಟೆ ಉಂಟು, ಹೆಂಗಸರಿಗೆ?

ಗುಂಡ್ಲುಪೇಟೆ ಕಡೆಯ ಭೀಮನಬೀಡಿನಂಥ ಊರಲ್ಲಿ ಕಾಗದಪತ್ರದ ಪ್ರಕಾರ ನಿವೃತ್ತರಾಗುವವರು ಬೆರಳೆಣಿಕೆಯಷ್ಟು. ಮೇಷ್ಟ್ರಿಗೆ 60 ತುಂಬಿದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೊ. ಹೊಲದವನಿಗೆ ಅದೇನೂ ಇಲ್ಲ. ಯಾವುದೋ ಒಂದು ಮುಂಗಾರಿನಲ್ಲಿ ಮಗ ಅವನನ್ನು ಕೇಳದೆಯೇ ಬೀಜ ತಂದಿರುತ್ತಾನೆ. ಈ ಸಲ ನಮ್ಮ ಹೊಲಕ್ಕೆ ಚೆಂಡುಹೂವಂತೆ ಎಂದು ಅಪ್ಪನಿಗೆ ಪಕ್ಕದ ಹೊಲದವನಿಂದ ಗೊತ್ತಾಗುತ್ತದೆ. ಅವತ್ತಿಗೆ ಅವನ ಯಜಮಾನಿಕೆ ಮುಗಿಯಿತು.

ಮಾರನೆಯ ದಿನದಿಂದ ಕೈಗೆ ಬರುವುದು ಹಾಲಿನ ಕ್ಯಾನು. ಗುಂಡ್ಲುಪೇಟೆ ಸೀಮೆಯ ಯಾವ ಊರಿಗಾದರೂ ಬೆಳಗಾಗ ಬನ್ನಿ, ಡೈರಿ ಮುಂದೆ ತಲೆಗೆ ಟವೆಲು ಸುತ್ತಿದ ಮುದುಕರ ಸಾಲು ಕಾಣುತ್ತದೆ. ಹಾಲು ಅಳೆದು, ಫ್ಯಾಟು ನೋಡಿ, ಚೀಟಿ ಕೊಡಲು ಎಷ್ಟು ಹೊತ್ತು? ಚೀಟಿ ಜೇಬಿಗೆ ಹೋದ ಮೇಲೂ ಇವರು ಕದಲುವುದಿಲ್ಲ. ರಾತ್ರಿ ಹಂದಿ ಯಾರ ಜೋಳಕ್ಕೆ ನುಗ್ಗಿತು, ಚಿರತೆ ಯಾರ ಕರುವಿಗೆ ಬಾಯಿ ಹಾಕಿತು, ತೆರಕಣಾಂಬಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಏನಾಯಿತು, ಕೇರಳದ ಲಾರಿ ಬಂತೋ ಇಲ್ಲವೋ. ಒಬ್ಬ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಇನ್ನೊಬ್ಬ ಅವನ ಬಾಗಿಲಲ್ಲಿ ನಿಂತಿರುತ್ತಾನೆ: ‘ಯಾಕಣ್ಣೋ, ಡೈರಿ ತಾವ ಕಾಣ್ನಿಲ್ಲ?’ ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ 2025ರಲ್ಲಿ ಹೇಳಿತು. ಆ ವರದಿ ಬರೆದವರು ಈ ವಿಚಾರಣೆಯನ್ನು ಕೇಳಬೇಕಿತ್ತು.

ಬಿಸಿಲೇರಿದ ಮೇಲೆ ಜಾಗ ಅರಳಿಕಟ್ಟೆಗೆ ಬದಲು. ಚಪ್ಪಡಿಯ ಮೇಲೆ ಗೀಚಿದ ಹುಲಿ-ಕುರಿ ಆಟದ ಮನೆ, ಕಾಯಿಗೆ ಕಲ್ಲುಚೂರು, ಆಡುವವರಿಗಿಂತ ಹೇಳಿಕೊಡುವವರೇ ಹೆಚ್ಚು. ಮಾತು ಎಲ್ಲೆಲ್ಲೋ ಸುತ್ತಿ, 2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನಿಂದ ವರನಟ ರಾಜಣ್ಣನನ್ನು ವೀರಪ್ಪನ್ ಹೊತ್ತೊಯ್ದ ಸಂಗತಿಗೆ ಬಂದರೆ ಕುರಿಗಳು ಅರ್ಧಕ್ಕೇ ನಿಲ್ಲುತ್ತವೆ. 2009ರಲ್ಲಿ ಬಂಡೀಪುರದ ರಾತ್ರಿ ಸಂಚಾರ ನಿಂತದ್ದು ಸರಿಯೋ ತಪ್ಪೋ ಎಂಬ ಜಗಳವಂತೂ ಇನ್ನೂ ತೀರ್ಮಾನವಾಗಿಲ್ಲ.

ಈ ಕಟ್ಟೆಯಲ್ಲಿ ಕಷ್ಟಪಡುವವರು ಮೇಷ್ಟ್ರೇ. ಪೆನ್ಷನ್ ಬರುತ್ತದೆ, ಸಂಗಡ ಬರುವುದಿಲ್ಲ. ಕಂಕುಳಲ್ಲಿ ಪೇಪರು ಇಟ್ಟುಕೊಂಡು ಅವರು ಬಂದರೆ ಬೀಡಿ ಹಿಂದಕ್ಕೆ ಸರಿಯುತ್ತದೆ, ನಗು ನಿಲ್ಲುತ್ತದೆ. ಮೂವತ್ತು ವರ್ಷ ಗಳಿಸಿದ ಮರ್ಯಾದೆ ಈಗ ಅಡ್ಡಗೋಡೆ. ಅದು ಬೀಳುವುದು ಯಾರಾದರೂ ‘ಕೂತ್ಕಳಿ ಮೇಷ್ಟ್ರೇ, ಈ ಪಾಣಿ ಏನಂತದೆ ನೋಡೇಳಿ’ ಅಂದಾಗ. ಪಾಣಿಯಾದ ಮೇಲೆ ಬ್ಯಾಂಕಿನ ನೋಟೀಸು, ಆಮೇಲೆ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಯಾಕೆ ನಿಂತಿತು ಎಂಬ ಅರ್ಜಿ. ಅರ್ಜಿ ಬರೆಯುತ್ತ ಬರೆಯುತ್ತ ಮೇಷ್ಟ್ರು ಊರವರಾಗುತ್ತಾರೆ.

ಇಷ್ಟೆಲ್ಲ ಗಂಡಸರ ಕಥೆ. ಹೆಂಗಸರು ಕಟ್ಟೆ ಹತ್ತುವುದಿಲ್ಲ. ಅವರದು ಜಗಲಿ. ಹುರುಳಿ ಕೇರುತ್ತ, ಅವರೆಕಾಯಿ ಸುಲಿಯುತ್ತ, ಹಲ್ಲಿಲ್ಲದವಳು ಎಲೆಅಡಿಕೆ ಕುಟ್ಟುತ್ತ, ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ‘ಉಂಡ್ಯಾ ಮಗ?’ ಎಂದು ತಡೆಯುತ್ತ ಅವರು ಮುಪ್ಪನ್ನು ಕಳೆದದ್ದು ಅಲ್ಲಿ. ಈಗ ಆರ್‌ಸಿಸಿ ಮನೆಗಳು ಬಂದಿವೆ. ಬಾಗಿಲು ತೆಗೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಚರಂಡಿ. ಜಗಲಿ ಇದ್ದ ಕಡೆ ತಗಡಿನ ಶೀಟು ಹಾಕಿ ಬೈಕು ನಿಲ್ಲಿಸಿದ್ದಾರೆ. ಅಜ್ಜಿ ಒಳಗೆ ಟಿವಿ ಮುಂದೆ. ಮದುವೆ ಮನೆಯಲ್ಲಾದರೂ ಸೋಬಾನೆ ಹೇಳಲು ಕರೆಯುತ್ತಿದ್ದರು. ಈಗ ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ, ಹಾಡಲು ಆರ್ಕೆಸ್ಟ್ರಾ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾಯಿತಲ್ಲ, ಆಗ ಟೀಕೆ ಮಾಡಿದವರು ಈ ಅಜ್ಜಿಯರನ್ನು ನೆನೆದಿರಲಾರರು. ಸೊಂಟದ ಚೀಲದಲ್ಲಿ ಆಧಾರ್ ಕಾರ್ಡು, ಕೈಯಲ್ಲಿ ಬುತ್ತಿ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟ, ಹುಣ್ಣಿಮೆಗೆ ನಂಜನಗೂಡು. ದೇವರ ದರ್ಶನ ಗಳಿಗೆಯದು, ಬಸ್ಸಿನ ಮಾತು ದಾರಿಯುದ್ದದ್ದು. ಮನೆಯಲ್ಲಿ ಹೋದ ಜಗಲಿ ಅವರಿಗೆ ಬಸ್ಸಿನ ಸೀಟಿನಲ್ಲಿ ಸಿಕ್ಕಿದೆ. ಆದರೆ ಅದು ತಿಂಗಳಿಗೆ ಒಂದೋ ಎರಡೋ ದಿನ. ಮೊಣಕಾಲು ಹಿಡಿದವಳಿಗೆ ಅದೂ ಇಲ್ಲ.

ಕೂಲಿಯವರ ಮಕ್ಕಳಿಗೆಂದು ಪಂಚಾಯ್ತಿಗಳು ಕೂಸಿನ ಮನೆ ತೆರೆದವು. ಹಳ್ಳಿಯ ಗ್ರಂಥಾಲಯ ಅರಿವು ಕೇಂದ್ರವಾಯಿತು. ಎರಡೂ ಒಳ್ಳೆಯ ಕೆಲಸ. ಅಜ್ಜಿಯರಿಗೆ ಬೇಕಾದದ್ದು ಅದಕ್ಕಿಂತ ಕಡಿಮೆ ಖರ್ಚಿನದು: ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ನೆರಳಿರುವ, ಒರಗಲು ಗೋಡೆಯಿರುವ, ಗಂಡಸರು ಬಂದು ಇಸ್ಪೀಟು ಹಾಕದ ಒಂದು ಕಟ್ಟೆ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿ. ಅಲ್ಲಿಯವರೆಗೆ, ಹೊಸ ಮನೆಗೆ ಪಾಯ ತೆಗೆಸುತ್ತಿರುವವರು ಮೇಸ್ತ್ರಿಗೆ ಒಂದು ಮಾತು ಹೇಳಿಬಿಡಿ: ಬಾಗಿಲ ಪಕ್ಕ ಎರಡಡಿ ಜಗಲಿ ಬಿಡಲಿ, ಬೈಕು ಹಿತ್ತಲಲ್ಲಿ ನಿಲ್ಲಲಿ.