ರಕ್ತ ಹೆಚ್ಚಿಸುವ ಸೂಜಿ ಯಾರಿಗೆ ಬೇಕು?

‘ಡಾಕ್ಟ್ರೇ, ರಕ್ತ ಹೆಚ್ಚಾಗೋ ಸೂಜಿ ಮಾಡ್ರಿ’ ಎಂದು ಮಟಮಾರಿ ಕಡೆಯ ರೋಗಿಗಳು ಕೇಳುವುದುಂಟು. ಅಂಥ ಸೂಜಿ ಇದೆ, ಆದರೆ ಎಲ್ಲರಿಗಲ್ಲ.

ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಮುಖ್ಯವಾಗಿ ಮೂತ್ರಪಿಂಡಗಳಲ್ಲಿ ತಯಾರಾಗುತ್ತದೆ. ಕೆಂಪು ರಕ್ತಕಣಗಳನ್ನು ಉತ್ಪಾದಿಸಲು ಮೂಳೆಯ ಮಜ್ಜೆಯನ್ನು ಪ್ರಚೋದಿಸುವುದು ಇದೇ. ಮೂತ್ರಪಿಂಡ ಕೆಟ್ಟರೆ ಹಾರ್ಮೋನು ಕುಗ್ಗಿ ರಕ್ತಹೀನತೆ ಬರುತ್ತದೆ. 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಇದರ ಚುಚ್ಚುಮದ್ದು, ಡಯಾಲಿಸಿಸ್ ರೋಗಿಗಳಿಗೆ ಪದೇ ಪದೇ ರಕ್ತ ಕೊಡಿಸುವ ಕಷ್ಟವನ್ನು ಬಹಳಷ್ಟು ತಗ್ಗಿಸಿತು.

ದೇಹದಲ್ಲಿ ಕಬ್ಬಿಣಾಂಶ ಸಾಲದಿದ್ದರೆ ಈ ಸೂಜಿ ಫಲ ಕೊಡದು. ರಕ್ತದೊತ್ತಡ ಏರಬಹುದು. ಹಿಮೋಗ್ಲೋಬಿನ್ನನ್ನು 13 ಗ್ರಾಂ ದಾಟಿಸಿದರೆ ಪಾರ್ಶ್ವವಾಯುವಿನ ಅಪಾಯವಿದೆ. ಇಂಥ ರೋಗಿಗಳಿಗೆ 10ರಿಂದ 11.5 ಸಾಕು.

ನಮ್ಮ ಗರ್ಭಿಣಿಯರ, ಮಕ್ಕಳ ರಕ್ತಹೀನತೆಗೆ ಹೆಚ್ಚಾಗಿ ಕಬ್ಬಿಣದ ಕೊರತೆಯೇ ಕಾರಣ. ಅವರಿಗೆ ಕಬ್ಬಿಣದ ಮಾತ್ರೆ, ಜಂತುಹುಳುವಿನ ಔಷಧ, ಒಳ್ಳೆಯ ಊಟವೇ ಮದ್ದು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಕಾರಣ ತಿಳಿಯಿರಿ. ಸೂಜಿಯ ಮಾತು ಆಮೇಲೆ.