ಥ್ರೆಡ್ ಕೂತರೆ ಯಾವ ಹಳೆಯ ಲೆನ್ಸ್ ಆದರೂ ನಡೆಯುತ್ತದೆಯೇ? ರೇಂಜ್‌ಫೈಂಡರ್ ಕ್ಯಾಮೆರಾ ಇರುವವರು ತಿಳಿಯಬೇಕಾದದ್ದು

“ಹಳೆಯ ರಷ್ಯನ್ ಲೆನ್ಸ್ ತಗೊಳ್ಳಿ. ಅಗ್ಗ. ಥ್ರೆಡ್ ಕೂತರೆ ಸಾಕು, ಲೈಕಾ ಕ್ಯಾಮೆರಾದಲ್ಲೂ ಕೆಲಸ ಮಾಡುತ್ತದೆ.” ಫಿಲ್ಮ್ ಕ್ಯಾಮೆರಾ ಹವ್ಯಾಸಿಗಳ ನಡುವೆ ಇಂತಹ ಸಲಹೆ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಅಗ್ಗದ ಹಳೆಯ ಲೆನ್ಸ್‌ನಿಂದ ಒಳ್ಳೆಯ ಚಿತ್ರ ಬರುತ್ತದೆ ಎಂಬುದು ಸರಿ. ಥ್ರೆಡ್ ಕೂತರೆ ಸಾಕು ಎಂಬುದು ತಪ್ಪು. ಅದನ್ನು ನಂಬಿದರೆ ಲೆನ್ಸ್‌ನ ಹಣ, ಫಿಲ್ಮ್ ಮತ್ತು ಡೆವಲಪಿಂಗ್ ಖರ್ಚು ಹೋಗುವುದಲ್ಲದೆ, ಮತ್ತೆ ತೆಗೆಯಲಾಗದ ಚಿತ್ರಗಳೂ ಹಾಳಾಗುತ್ತವೆ.

ಕಿಟಕಿ ಬೇರೆ, ಲೆನ್ಸ್ ಬೇರೆ

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸ್ ಮೂಲಕ ಬಂದ ಬೆಳಕನ್ನೇ ಒಂದು ಕನ್ನಡಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಲೆನ್ಸ್‌ನಲ್ಲಿ ದೊಡ್ಡ ದೋಷವಿದ್ದರೆ ಆಗಲೇ ಕಾಣುತ್ತದೆ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ. ನಾವು ನೋಡುವುದು ಲೆನ್ಸ್‌ನ ಮೇಲ್ಭಾಗದಲ್ಲಿರುವ ಪುಟ್ಟ ಕಿಟಕಿಯ ಮೂಲಕ. ಫೋಕಸ್ ತಿರುಗಿಸಿದಂತೆ ಲೆನ್ಸ್‌ನ ಹಿಂಭಾಗದ ಉಂಗುರ ಹಿಂದೆ ಮುಂದೆ ಸರಿಯುತ್ತದೆ. ಅದು ಕ್ಯಾಮೆರಾದೊಳಗಿನ ಚಿಕ್ಕ ಸನ್ನೆಯನ್ನು ತಳ್ಳುತ್ತದೆ. ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳು ಒಂದಾದಾಗ ಫೋಕಸ್ ಸರಿಯಾಗಿದೆ ಎಂದರ್ಥ.

ಹೀಗಾಗಿ ಲೆನ್ಸ್ ಮಬ್ಬಾಗಿದ್ದರೂ, ಅದಕ್ಕೆ ಬೂಸು ಹಿಡಿದಿದ್ದರೂ, ಕೊನೆಗೆ ಮುಚ್ಚಳ ತೆಗೆಯುವುದನ್ನೇ ಮರೆತಿದ್ದರೂ ಕಿಟಕಿಯಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ತಪ್ಪು ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆ. ಆದ್ದರಿಂದ ರೇಂಜ್‌ಫೈಂಡರ್ ಲೆನ್ಸನ್ನು ಕೊಳ್ಳುವಾಗಲೇ ಪರೀಕ್ಷಿಸಬೇಕು.

ಅಗ್ಗ ಎಂದರೆ ಕಳಪೆಯೇ?

ಅಲ್ಲ. ಸುಲಭವಾಗಿ ಸಿಗುವ ಜುಪಿಟರ್-8 ಲೆನ್ಸನ್ನೇ ನೋಡೋಣ (50 ಮಿ.ಮೀ., ಎಫ್/2). ಇದರ ಮೂಲ ಜರ್ಮನಿಯ ಝೈಸ್ ಕಂಪನಿಯ ಸೊನ್ನಾರ್. ಲುಡ್ವಿಗ್ ಬರ್ಟೆಲೆ 1930ರ ದಶಕದ ಆರಂಭದಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ಅದನ್ನು ರೂಪಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಬಳಿಕ ಝೈಸ್‌ನ ಯಂತ್ರಗಳು ಮತ್ತು ತಂತ್ರಜ್ಞಾನ ಯುದ್ಧ ಪರಿಹಾರದ ಭಾಗವಾಗಿ ಸೋವಿಯತ್ ಒಕ್ಕೂಟ ಸೇರಿದವು. ಅದೇ ವಿನ್ಯಾಸ ಅಲ್ಲಿ ಜುಪಿಟರ್ ಹೆಸರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಯಿತು. ಬೆಲೆ ಕಡಿಮೆ ಇರಲು ಇದೂ ಒಂದು ಕಾರಣ.

ಈ ಲೆನ್ಸ್‌ನಲ್ಲಿ 6 ಗಾಜುಗಳನ್ನು 3 ಗುಂಪುಗಳಾಗಿ ಅಂಟಿಸಲಾಗಿದೆ. ಗಾಳಿಗೆ ತಾಗುವ ಮೇಲ್ಮೈಗಳು ಆರೇ. ಮೇಲ್ಮೈ ಕಡಿಮೆಯಾದಷ್ಟೂ ಒಳಗೆ ಚದುರುವ ಬೆಳಕು ಕಡಿಮೆ, ಚಿತ್ರದ ಕಪ್ಪು ಬಿಳುಪು ಸ್ಪಷ್ಟ.

ಥ್ರೆಡ್ ಕೂತರೂ ಫೋಕಸ್ ಆಗದಿರುವುದೇಕೆ?

ಹಳೆಯ ಲೈಕಾ, ಸೋವಿಯತ್‌ನ ಫೆಡ್ ಮತ್ತು ಝೋರ್ಕಿ, ಜಪಾನಿನ ಹಳೆಯ ಕ್ಯಾನನ್ ರೇಂಜ್‌ಫೈಂಡರ್‌ಗಳಲ್ಲಿ 39 ಮಿ.ಮೀ. ಥ್ರೆಡ್ ಇರುತ್ತದೆ. ಲೈಕಾ ಅಳತೆಯಂತೆ ಲೆನ್ಸ್ ಕೂರುವ ಜಾಗದಿಂದ ಫಿಲ್ಮ್‌ಗೆ ಇರುವ ದೂರ 28.8 ಮಿ.ಮೀ.

ಆರಂಭದ ಝೆನಿಟ್ ಎಸ್‌ಎಲ್‌ಆರ್‌ಗಳ ಥ್ರೆಡ್ ಕೂಡ 39 ಮಿ.ಮೀ. ಆದರೆ ಕನ್ನಡಿಗೆ ಜಾಗ ಬೇಕಾದ್ದರಿಂದ ಅಲ್ಲಿ ಈ ದೂರ ಸುಮಾರು 45 ಮಿ.ಮೀ. ಝೆನಿಟ್ ಲೆನ್ಸ್ ರೇಂಜ್‌ಫೈಂಡರ್‌ಗೆ ಕೂತರೂ ಫಿಲ್ಮ್‌ಗೆ ತೀರಾ ಹತ್ತಿರವಾಗಿ ಎಲ್ಲ ಚಿತ್ರಗಳೂ ಮಸುಕಾಗುತ್ತವೆ. ಇಂಡಸ್ಟಾರ್-50 ಎರಡೂ ಬಗೆಯ ಕ್ಯಾಮೆರಾಗಳಿಗೆ ಬಂದಿತ್ತು, ಆದ್ದರಿಂದ ಹೆಸರು ನೋಡಿ ಕೊಂಡರೆ ಮೋಸಹೋಗಬಹುದು. ಡಾರ್ಕ್‌ರೂಮ್‌ನ ಎನ್‌ಲಾರ್ಜರ್ ಲೆನ್ಸ್‌ಗಳಲ್ಲೂ ಅನೇಕಕ್ಕೆ ಇದೇ ಥ್ರೆಡ್ ಇದೆ, ಆದರೆ ಫೋಕಸ್ ತಿರುಗಿಸುವ ವ್ಯವಸ್ಥೆಯೇ ಇಲ್ಲ.

ಗುರುತಿಸುವುದು ಸುಲಭ. ಲೆನ್ಸ್ ಹಿಂಭಾಗ ನೋಡುತ್ತಾ ಫೋಕಸ್ ತಿರುಗಿಸಿ. ಸನ್ನೆಯನ್ನು ತಳ್ಳುವ ಉಂಗುರ ಒಳಹೊರಗೆ ಸರಿಯಬೇಕು. ಅಂತಹ ಉಂಗುರವೇ ಇಲ್ಲದಿದ್ದರೆ ಕೊಳ್ಳಬೇಡಿ.

ನಿಮ್ಮದು 1954ರ ಎಂ3 ಅಥವಾ ನಂತರದ ಲೈಕಾ ಎಂ ಕ್ಯಾಮೆರಾ ಆಗಿದ್ದರೆ ಅಲ್ಲಿ ದೂರ 27.8 ಮಿ.ಮೀ. ವ್ಯತ್ಯಾಸ ಸರಿಯಾಗಿ 1 ಮಿ.ಮೀ. ಅಷ್ಟೇ ದಪ್ಪದ ಅಡಾಪ್ಟರ್ ಹಾಕಿದರೆ ಥ್ರೆಡ್ ಲೆನ್ಸ್ ಹೊಂದಿಕೊಳ್ಳುತ್ತದೆ.

ಟಾರ್ಚ್ ಮತ್ತು ಟ್ರೇಸಿಂಗ್ ಪೇಪರ್ ಪರೀಕ್ಷೆ

ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ನೋಡಿ.

• ಜೇಡರ ಬಲೆಯಂತಹ ಎಳೆಗಳು: ಬೂಸು. ಅದು ಗಾಜಿನ ಲೇಪನವನ್ನು ತಿಂದಿದ್ದರೆ ಸ್ವಚ್ಛಗೊಳಿಸಿದರೂ ಕಲೆ ಉಳಿಯುತ್ತದೆ.
• ಹಾಲಿನಂತಹ ಮಬ್ಬು: ಚಿತ್ರ ಮಂಕಾಗುತ್ತದೆ. ಕೆಲವೊಮ್ಮೆ ರಿಪೇರಿ ಸಾಧ್ಯ.
• ಗಾಜಿನೊಳಗಿನ ಒಂದೆರಡು ಗಾಳಿಗುಳ್ಳೆ, ಮುಂಭಾಗದ ಸಣ್ಣ ಗೀರು: ಚಿಂತೆ ಬೇಡ.

ಹಿಂದಿನ ಬಾಗಿಲು ತೆರೆಯುವ ಝೋರ್ಕಿ-4, ಫೆಡ್-2 ಮುಂತಾದವುಗಳಲ್ಲಿ ಫಿಲ್ಮ್ ಇಲ್ಲದೆಯೇ ಫೋಕಸ್ ಪರೀಕ್ಷಿಸಬಹುದು. ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರನ್ನು ಬಿಗಿಯಾಗಿ ಅಂಟಿಸಿ, ಶಟರ್ ‘ಬಿ’ಯಲ್ಲಿಟ್ಟು ಒತ್ತಿ ಹಿಡಿಯಿರಿ. ಒಂದು ಮೀಟರ್ ದೂರದ ದೀಪಕ್ಕೆ ಕಿಟಕಿಯಲ್ಲಿ ಫೋಕಸ್ ಮಾಡಿ. ಕಾಗದದ ಮೇಲೂ ಅದು ಸ್ಪಷ್ಟವಾಗಿರಬೇಕು. ಸೋವಿಯತ್ ಲೆನ್ಸ್‌ಗಳು ಲೈಕಾ ಮೇಲೆ, ಹತ್ತಿರದ ಚಿತ್ರಗಳಲ್ಲಿ, ತುಸು ಆಚೀಚೆ ಫೋಕಸ್ ಆಗುವುದುಂಟು. ಹಿಂದೆ ಯಾರಾದರೂ ಬಿಚ್ಚಿ ತಪ್ಪಾಗಿ ಜೋಡಿಸಿದ್ದರೂ ಹೀಗಾಗುತ್ತದೆ. ದೂರದ ದೃಶ್ಯಕ್ಕೆ ಎಫ್/8 ಇಟ್ಟರೆ ಈ ದೋಷ ಬಹುತೇಕ ಕಾಣುವುದಿಲ್ಲ.

ಕೊಂಡ ಮೇಲೆ

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಿಸಿಲಲ್ಲಿ ಕ್ಯಾಮೆರಾ ಕೆಳಗಿಡುವಾಗ ಮುಚ್ಚಳ ಹಾಕಿ. ಮಧ್ಯೆ ಕನ್ನಡಿ ಇಲ್ಲದ ಕಾರಣ ಲೆನ್ಸ್ ಭೂತಗನ್ನಡಿಯಂತೆ ಬಟ್ಟೆಯ ಶಟರ್‌ಗೆ ತೂತು ಸುಡಬಲ್ಲದು.

ನಮ್ಮ ತೀರ್ಮಾನ: ಅಗ್ಗದ ಹಳೆಯ ಲೆನ್ಸ್ ಧಾರಾಳವಾಗಿ ಬಳಸಬಹುದು. ಆದರೆ “ಥ್ರೆಡ್ ಕೂತರೆ ಸಾಕು” ಎಂಬ ಮಾತು ತಪ್ಪುದಾರಿಗೆ ಎಳೆಯುವಂಥದ್ದು. ಆ ಸಲಹೆ ನಿಮ್ಮ ಮೊಬೈಲ್‌ಗೆ ಬಂದರೆ, ಮುಂದೆ ಕಳಿಸುವಾಗ ಒಂದು ಸಾಲು ಸೇರಿಸಿ: ಲೆನ್ಸ್ ಹಿಂದಿನ ಉಂಗುರ ನೋಡಿ, ಟಾರ್ಚ್ ಹಾಕಿ, ಆಮೇಲೆ ದುಡ್ಡು ಕೊಡಿ.