ಅರಿಸಿನದ ಅಣುವೂ ಕಂಪ್ಯೂಟರಿನ ಲೆಕ್ಕವೂ

ಕಳೆದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕಣ್ಣು ಹಳದಿಯಾಗಿದೆಯೆಂದು ನನ್ನ ಬಳಿ ಬಂದರು. ಹಸಿವಿಲ್ಲ, ವಾಕರಿಕೆ, ಮೂತ್ರಕ್ಕೆ ಡಿಕಾಕ್ಷನ್ನಿನ ಬಣ್ಣ. ಕುಡಿತದ ಅಭ್ಯಾಸವಿಲ್ಲ. ಹೆಪಟೈಟಿಸ್ ವೈರಸ್‌ಗಳ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಸ್ಕ್ಯಾನಿಂಗಿನಲ್ಲಿ ಪಿತ್ತನಾಳವೂ ಸರಿಯಾಗಿತ್ತು. ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಮೂರನೆಯ ಸಲ ಕೇಳಿದಾಗ, ‘ಔಷಧಿ ಏನಿಲ್ಲ ಡಾಕ್ಟ್ರೇ, ಮಂಡಿನೋವಿಗೆ ಬರೀ ಅರಿಸಿನ’ ಎಂದರು. ಆ ‘ಬರೀ ಅರಿಸಿನ’ ಕರಿಮೆಣಸಿನ ಸಾರ ಬೆರೆಸಿದ ಕರ್ಕ್ಯುಮಿನ್ ಕ್ಯಾಪ್ಸೂಲು. ಮೂರು ತಿಂಗಳಿಂದ ದಿನಕ್ಕೆರಡು. ಡಬ್ಬಿಯ ಜೊತೆಗಿದ್ದ ಚೀಟಿಯಲ್ಲಿ ‘ಕಂಪ್ಯೂಟರ್ ಅಧ್ಯಯನದಿಂದ ಸಾಬೀತಾಗಿದೆ’ ಎಂದು ಅಚ್ಚಾಗಿತ್ತು.

ಸಾಬೀತಾಗಿರುವುದು ಏನು? ಈ ಪ್ರಶ್ನೆ ನಿಮಗೂ ಬರಬೇಕು.

ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅನ್ನು 1815ರಲ್ಲಿಯೇ ಬೇರ್ಪಡಿಸಿದ್ದರು, ಅದರ ರಚನೆ ತಿಳಿದದ್ದು 1910ರಲ್ಲಿ. ಎರಡು ತುದಿಗಳಲ್ಲಿ ಎರಡು ಉಂಗುರಗಳು, ನಡುವೆ ಏಳು ಇಂಗಾಲಗಳ ಸರಪಳಿ. ಒಟ್ಟು 47 ಪರಮಾಣುಗಳು, 194 ಎಲೆಕ್ಟ್ರಾನುಗಳು. ಈ ಅಣು ಯಾವ ಜಾಗದಲ್ಲಿ ಇನ್ನೊಂದು ಅಣುವಿನೊಡನೆ ಕೂಡುತ್ತದೆ, ಯಾವ ಜಾಗದಲ್ಲಿ ಮುರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಈ ಎಲೆಕ್ಟ್ರಾನುಗಳ ಹಂಚಿಕೆಯೇ. ಒಂದೊಂದು ಎಲೆಕ್ಟ್ರಾನನ್ನೂ ಹಿಂಬಾಲಿಸಿ ಲೆಕ್ಕ ಹಾಕುವುದು ಆಗದ ಮಾತು. ಅದರ ಬದಲು ಎಲ್ಲಿ ಎಷ್ಟು ದಟ್ಟವಾಗಿವೆ ಎಂದು ನೋಡಿದರೆ ಸಾಕೆಂಬ ದಾರಿಯನ್ನು 1960ರ ದಶಕದಲ್ಲಿ ತೋರಿಸಿದವರು ವಾಲ್ಟರ್ ಕೋನ್ ಮತ್ತು ಅವರ ಜೊತೆಗಾರರು. ಇಂಥ ಲೆಕ್ಕಗಳನ್ನು ರಸಾಯನಶಾಸ್ತ್ರಜ್ಞರ ಕೈಗೆ ಸಿಗುವ ಕಂಪ್ಯೂಟರ್ ಪ್ರೋಗ್ರಾಮಿಗೆ ಇಳಿಸಿದವರು ಜಾನ್ ಪೋಪಲ್. ಇಬ್ಬರಿಗೂ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಣುವಿನ ‘ಚುರುಕಾದ’ ಜಾಗ ಗುರುತಿಸುವ ಒಂದು ಅಳತೆಗೆ ಜಪಾನಿನ ಕೆನಿಚಿ ಫುಕುಯಿ ಅವರ ಹೆಸರೇ ಇದೆ.

ಕರ್ಕ್ಯುಮಿನ್ ವಿಷಯದಲ್ಲಿ ಈ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬಂತು. ದೇಹದ ಕಣಗಳಿಗೆ ಹಾನಿ ಮಾಡುವ ಪುಂಡ ಅಣುಗಳಿಗೆ ಒಂದು ಜಲಜನಕವನ್ನು ಕೊಟ್ಟು ಸುಮ್ಮನಾಗಿಸುವುದು ಇದರ ಗುಣ. ಕೊಡುವುದು ಎಲ್ಲಿಂದ? ನಡುವಿನ ಸರಪಳಿಯಿಂದ ಎಂದು 1999ರಲ್ಲಿ ಒಂದು ತಂಡ ಹೇಳಿತು. ಅಲ್ಲ, ಉಂಗುರಗಳಿಗೆ ಅಂಟಿದ ಆಮ್ಲಜನಕ–ಜಲಜನಕ ಜೋಡಿಯಿಂದ, ಅಂದರೆ ಫೀನಾಲ್ ಭಾಗದಿಂದ, ಎಂದು 2000ದಲ್ಲಿ ಇನ್ನೊಂದು ತಂಡ. ಯಾವ ಬಂಧ ಮುರಿಯಲು ಎಷ್ಟು ಶಕ್ತಿ ಬೇಕೆಂದು ಆಮೇಲೆ ಲೆಕ್ಕ ಹಾಕಿದವರಿಗೆ ಫೀನಾಲಿನದೇ ಸಡಿಲವಾಗಿ ಕಂಡಿತು. ಆದರೆ ಕರಗಿಸಿದ ದ್ರವ ಬದಲಾದರೆ ಪ್ರತಿಕ್ರಿಯೆಯ ದಾರಿಯೂ ಬದಲಾಗುತ್ತದೆಂದು 2004ರ ಪ್ರಯೋಗಗಳು ತೋರಿಸಿದವು. ಪಾಯಸದಲ್ಲಿ ಕರಗಿದ ಬೆಲ್ಲ ಬೇರೆ, ಹುಳಿಯಲ್ಲಿ ಕರಗಿದ ಬೆಲ್ಲ ಬೇರೆ ಎನ್ನುವುದಿಲ್ಲವೇ, ಹಾಗೆ. ಇಂಥ ಎಷ್ಟೋ ಲೆಕ್ಕಗಳಲ್ಲಿ ಅಣು ಒಂಟಿಯಾಗಿ ಶೂನ್ಯದಲ್ಲಿ ನಿಂತಿರುತ್ತದೆ. ನಮ್ಮ ಹೊಟ್ಟೆ ಶೂನ್ಯವಲ್ಲ.

ಇಲ್ಲಿಂದಲೇ ಕಥೆ ತಿರುಗುವುದು. ಯಾವ ಫೀನಾಲ್ ಭಾಗವನ್ನು ಲೆಕ್ಕ ಇಷ್ಟು ಹೊಗಳುತ್ತದೋ, ನಮ್ಮ ಕರುಳು ಮತ್ತು ಯಕೃತ್ತು ಅದಕ್ಕೇ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ಹೊರಗೆ ಸಾಗಹಾಕುತ್ತವೆ! ಜೊತೆಗೆ, ರಕ್ತದಷ್ಟೇ ಕ್ಷಾರವಿರುವ ದ್ರಾವಣದಲ್ಲಿ, ನಮ್ಮ ಮೈಯ ಬಿಸಿಯಲ್ಲಿ, ಸುಮಾರು ಶೇಕಡಾ 90ರಷ್ಟು ಕರ್ಕ್ಯುಮಿನ್ ಅರ್ಧ ಗಂಟೆಯಲ್ಲೇ ಒಡೆದುಹೋಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ನುಂಗಿಸಿದರೂ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಅದರ ಲಭ್ಯತೆ ಶೇಕಡಾ 2000ದಷ್ಟು ಹೆಚ್ಚಿತು. ಕ್ಯಾಪ್ಸೂಲಿಗೆ ಮೆಣಸು ಸೇರಿದ್ದು ಹೀಗೆ. ಪೈಪರಿನ್ ಮಾಡುವುದು ಯಕೃತ್ತಿನ ಈ ವಿಲೇವಾರಿ ಕೆಲಸಕ್ಕೆ ಅಡ್ಡಗಾಲು ಹಾಕುವುದನ್ನು. ಅದು ಕರ್ಕ್ಯುಮಿನ್ ಒಂದನ್ನೇ ನೋಡಿ ಅಡ್ಡ ಬರುವುದಿಲ್ಲ. ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಇವುಗಳ ಮಟ್ಟವೂ ರಕ್ತದಲ್ಲಿ ಏರುವುದು ಕಂಡುಬಂದಿದೆ.

ಇನ್ನೊಂದು ತೊಡಕು. ಕರ್ಕ್ಯುಮಿನ್‌ನ ನಡುವಿನ ಸರಪಳಿ ಎಷ್ಟು ಚುರುಕೆಂದರೆ, ಪ್ರಯೋಗಾಲಯದಲ್ಲಿ ಎದುರು ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಳ್ಳಬಲ್ಲದು. ಹಾಗಾಗಿ ಪ್ರತಿ ಪರೀಕ್ಷೆಯಲ್ಲೂ ‘ಪಾಸು’! ಊರಿನ ಎಲ್ಲ ಮದುವೆಗಳಲ್ಲೂ ಊಟಕ್ಕೆ ಕುಳಿತವನು ಎಲ್ಲರ ನೆಂಟನಾಗಿರಬೇಕಿಲ್ಲ. ಕೊರೊನಾ ಬಂದ 2020ರಲ್ಲಿ ವೈರಸ್ಸಿನ ಪ್ರೋಟೀನಿನೊಳಗೆ ಕರ್ಕ್ಯುಮಿನ್ ಕೂರುವ ಕಂಪ್ಯೂಟರ್ ಚಿತ್ರಗಳು ಎಷ್ಟೋ ಬಂದವು. ಚಿತ್ರದಲ್ಲಿ ಕುಳಿತ ಅಣು ರೋಗಿಯ ಶ್ವಾಸಕೋಶ ತಲುಪಿತೆಂದು ಅರ್ಥವಲ್ಲ. ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ನಡೆಸಿದ ವಿಮರ್ಶೆಯೊಂದು 120ಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳನ್ನು ಎಣಿಸಿ, ಡಾಕ್ಟರಿಗೂ ರೋಗಿಗೂ ಗೊತ್ತಿಲ್ಲದಂತೆ ಹುಸಿಮಾತ್ರೆಯೊಡನೆ ಹೋಲಿಸಿದ ಯಾವ ಪ್ರಯೋಗವೂ ಯಶಸ್ವಿಯಾಗಿಲ್ಲ ಎಂದಿತು. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಥಾಯ್ಲೆಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಜೀರ್ಣದ ತೊಂದರೆಗೆ ಕರ್ಕ್ಯುಮಿನ್ ಒಮೆಪ್ರಜೋಲ್‌ನಷ್ಟೇ ಕೆಲಸ ಮಾಡಿತು. ನಾನು ಅರಿಸಿನದ ವಿರೋಧಿಯಲ್ಲ.

ಯಕೃತ್ತಿನ ತೊಂದರೆಯೂ ಕಲ್ಪನೆಯಲ್ಲ. ಇಟಲಿಯಲ್ಲಿ 2019ರಲ್ಲಿ ಅರಿಸಿನದ ಪೂರಕಗಳನ್ನು ನುಂಗಿದವರಲ್ಲಿ ಕಾಮಾಲೆಯ ಪ್ರಕರಣಗಳು ವರದಿಯಾದವು. ಅಮೆರಿಕದ ವೈದ್ಯರು 2022ರಲ್ಲಿ ಇಂಥ 10 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರಲ್ಲಿ ಒಂದು ನಿರ್ದಿಷ್ಟ ಅನುವಂಶಿಕ ಗುರುತು ಇತ್ತು. ಅಂದರೆ ಎಲ್ಲರಿಗೂ ಆಗುವುದಿಲ್ಲ. ಯಾರಿಗೆ ಆದೀತೆಂದು ಮುಖ ನೋಡಿ ಹೇಳಲೂ ಆಗುವುದಿಲ್ಲ.

ನಮ್ಮ ಮೇಷ್ಟ್ರಿಗೆ ಕ್ಯಾಪ್ಸೂಲು ನಿಲ್ಲಿಸಿದೆ, ಬೇರೆ ಔಷಧಿ ಕೊಡಲಿಲ್ಲ. ಎರಡು ತಿಂಗಳಲ್ಲಿ ಯಕೃತ್ತಿನ ಪರೀಕ್ಷೆಗಳು ಸರಿಹೋದವು. ‘ಹಾಗಾದರೆ ಸಾರಿಗೂ ಅರಿಸಿನ ಬೇಡವೆ?’ ಎಂದು ಅವರ ಮನೆಯವರು ಗಾಬರಿಯಿಂದ ಕೇಳಿದರು. ಒಂದು ಟೀ ಚಮಚ ಅರಿಸಿನ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ ಶೇಕಡಾ 3ರ ಆಸುಪಾಸು, ಅಂದರೆ 90 ಮಿಲಿಗ್ರಾಂ. ಮನೆಮಂದಿಗೆಲ್ಲ ಮಾಡುವ ಸಾರಿಗೆ ಅಷ್ಟೂ ಬೀಳುವುದಿಲ್ಲ. ಅವರ ಒಂದೊಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಇತ್ತು. ಸಾರು ಧಾರಾಳವಾಗಿ ಮಾಡಿ ಎಂದೆ.

ನೀವು ಇಂಥ ಕ್ಯಾಪ್ಸೂಲು ನುಂಗುತ್ತಿದ್ದರೆ ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಡಬ್ಬಿಯನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಬಸುರಿಯರು ಕೇಳದೆ ಶುರುಮಾಡಬೇಡಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅಥವಾ ಮೈ ತುರಿಸತೊಡಗಿದರೆ ಅಂದೇ ನಿಲ್ಲಿಸಿ, ರಕ್ತಪರೀಕ್ಷೆ ಮಾಡಿಸಿ.